ಚಿರತೆಯ ಎದೆಗವಚ

ಇದು ಹೀಗೆಯೇ ನಡೆಯಿತೆಂದು ನಾನು ಪ್ರಮಾಣ ಮಾಡಲಾರೆ. ಆಗ ಜೊತೆಗಿದ್ದ ಇಬ್ಬರನ್ನು ಈಚೆಗೆ ಕೇಳಿದೆ. ಇಬ್ಬರೂ ನನ್ನ ನೆನಪಿಗೆ ಹೊಂದದ ಸಂಗತಿಗಳನ್ನೇ ಹೇಳಿದರು. ಅವರ ಮಾತುಗಳೂ ಒಂದಕ್ಕೊಂದು ತಾಳೆಯಾಗಲಿಲ್ಲ. ಸಾಕ್ಷಿಯನ್ನು ಅನುಮಾನಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಆ ಸಾಕ್ಷಿ ನಾನೇ ಆದಾಗ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ.

ನೆನಪು ಬಂದದ್ದು ಒಂದು ವಾಸನೆಯಿಂದ. ಜಯನಗರ ನಾಲ್ಕನೇ ಬ್ಲಾಕಿನ ರಿಪೇರಿ ಅಂಗಡಿಯೊಂದರಲ್ಲಿ ನನ್ನ ಹಳೆಯ ಕಂಪ್ಯೂಟರ್ ಬಿಚ್ಚಿದ್ದರು. ಒಳಗಿನಿಂದ ಕಾದ ಧೂಳಿನ ವಾಸನೆ, ಅದರ ಮೇಲೆ ಅಂಗಡಿಯವನು ಆಗಷ್ಟೇ ಹಚ್ಚಿದ ಊದುಬತ್ತಿಯ ಹೊಗೆ... ಎರಡೂ ಬೆರೆತದ್ದೇ ತಡ, ಸುದ್ದಗುಂಟೆಪಾಳ್ಯದ ಆ ಸೈಬರ್ ಕೆಫೆ ಕಣ್ಣಮುಂದೆ ನಿಂತಿತು. ಭಾನುವಾರದ ಬೆಳಿಗ್ಗೆ. ಕೌಂಟರಿನ ಹಿಂದೆ ದೇವರ ಪಟಕ್ಕೆ ಊದುಬತ್ತಿ ಬೆಳಗುತ್ತಲೇ ಓರೆಗಣ್ಣಿನಲ್ಲಿ ಮಾನಿಟರ್ ನೋಡುತ್ತಿದ್ದ ಮೇಷ್ಟ್ರು.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಮೇಷ್ಟ್ರು ಗದಗದ ಕಡೆಯವರು. ಬಿ.ಎಸ್ಸಿ. ಮಾಡಿ ಬಿ.ಟಿ.ಎಂ. ಲೇಔಟಿನ ಒಂದು ಖಾಸಗಿ ಶಾಲೆಯಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದರು. ಕೆಫೆಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗೆ ವಾಸ. ಕಟ್ಟಡ, ಕೆಫೆ ಎರಡೂ ಓನರ್ ಅಂಕಲ್ ಅವರದು. ಅವರ ತಂದೆ ಬೀನ್ಸ್ ಬೆಳೆಯುತ್ತಿದ್ದ ಹೊಲದ ಮೇಲೆಯೇ ಆ ಕಟ್ಟಡ ಎದ್ದಿತ್ತು. ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಾಗಿಲು ತೆಗೆದು ಕೌಂಟರ್ ನೋಡಿಕೊಳ್ಳಬೇಕು, ಅದಕ್ಕೆ ಪ್ರತಿಯಾಗಿ ಅಲ್ಲಿಯ ಒಂದು ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಆಡಬಹುದು ಎಂಬುದು ಅವರಿಬ್ಬರ ಒಪ್ಪಂದ. ಕಾಲೇಜಿಗೆ ಹೋಗುತ್ತಿದ್ದ ನಾವು ಕೆಲವರು ಆ ಹೊತ್ತಿಗೇ ಅಲ್ಲಿ ಸೇರುತ್ತಿದ್ದೆವು. ನಮ್ಮ ಗಿಲ್ಡಿನ ಉಳಿದವರು ಚೆನ್ನೈ, ಹೈದರಾಬಾದುಗಳಿಂದ ನೆಟ್‌ನಲ್ಲಿ ಬಂದು ಕೂಡಿಕೊಳ್ಳುತ್ತಿದ್ದರು.

ನಾವು ನೆಟ್‌ನಲ್ಲಿ ಒಟ್ಟಾಗಿ ಆಡುತ್ತಿದ್ದ ಆ ಕಂಪ್ಯೂಟರ್ ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಗಿಲ್ಡ್ ಎಂದರೆ ಆಟಗಾರರ ಗುಂಪು. ಎಲ್ಲರೂ ಒಟ್ಟಾಗಿ ಒಂದು ಗವಿಗೆ ನುಗ್ಗಿ ರಾಕ್ಷಸನನ್ನು ಕೊಲ್ಲುವುದು ರೇಡ್. ಒಬ್ಬ ಮುಂದೆ ನಿಂತು ಏಟು ತಿನ್ನುತ್ತಾನೆ, ಕೆಲವರು ಹೊಡೆಯುತ್ತಾರೆ, ಕೆಲವರು ಹಿಂದೆ ನಿಂತು ಗಾಯ ಮಾಗಿಸುತ್ತಾರೆ. ಈ ಕೊನೆಯವರು ಹೀಲರ್‌ಗಳು. ಸತ್ತ ರಾಕ್ಷಸನ ಮೈಮೇಲಿಂದ ಒಂದೆರಡು ಸಾಮಾನು ಬೀಳುತ್ತವೆ: ಕತ್ತಿಯೋ, ಕವಚವೋ. ಬೀಳುವುದು ಎರಡು, ಬೇಕಾದವರು ಹತ್ತಾರು ಜನ. ಗಿಲ್ಡ್‌ಗಳು ಒಡೆಯುವುದು ರಾಕ್ಷಸನಿಂದಲ್ಲ, ಈ ಹಂಚಿಕೆಯಿಂದ.

ಆಟದಲ್ಲಿ ಮೇಷ್ಟ್ರ ಪಾತ್ರ ಹೈಬ್ರಿಡ್. ಮನುಷ್ಯನಾಗಿದ್ದಾಗ ಗಾಯ ಮಾಗಿಸಬಲ್ಲದು, ಚಿರತೆಯಾಗಿ ಬದಲಾದರೆ ಹೊಡೆಯಬಲ್ಲದು. ಅವರು ಅದನ್ನು ಆರಿಸಿಕೊಂಡದ್ದೇ ಚಿರತೆಗಾಗಿ. ಆದರೆ ನಮ್ಮಲ್ಲಿ ಹೊಡೆಯುವ ಉತ್ಸಾಹಿಗಳಿಗೆ ಬರವಿರಲಿಲ್ಲ, ಹೀಲರ್ ಆಗಲು ಯಾರೂ ಒಪ್ಪುತ್ತಿರಲಿಲ್ಲ. ಹಾಗಾಗಿ ಆ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಚಿರತೆ ಓಡಿದ್ದನ್ನು ನಾನಂತೂ ಒಮ್ಮೆಯೂ ನೋಡಲಿಲ್ಲ.

ಹಂಚಿಕೆಗೆ ನಿಯಮ ಮಾಡಿದವನು ನಮ್ಮ ಲೀಡರ್, ಇಂಜಿನಿಯರಿಂಗ್ ಓದುತ್ತಿದ್ದ ಜಾಣ ಹುಡುಗ. ರೇಡ್‌ನಲ್ಲಿ ಯಾರು ಯಾವ ಕೆಲಸ ಮಾಡುತ್ತಾರೋ ಆ ಕೆಲಸದ ಸಾಮಾನಿನ ಮೇಲೆ ಅವರಿಗೆ ಮೊದಲ ಹಕ್ಕು. ಅವರಿಗೆ ಬೇಡವಾದರೆ ಮಾತ್ರ ಬೇರೆಯವರಿಗೆ. ಇದರಲ್ಲಿ ತಪ್ಪೆಲ್ಲಿದೆ ಎಂದು ಇಂದಿಗೂ ಹುಡುಕುತ್ತೇನೆ, ಸಿಗುವುದಿಲ್ಲ. ಆದರೂ ಮೇಷ್ಟ್ರು ಗಾಯ ಮಾಗಿಸುವವರೆಗೂ ಚಿರತೆಯ ಸಾಮಾನು ಅವರಿಗೆ ಬರುವಂತಿರಲಿಲ್ಲ. ಆ ಸಾಮಾನು ಬರದೆ ಅವರು ರೇಡ್‌ನಲ್ಲಿ ಚಿರತೆಯಾಗುವಂತಿರಲಿಲ್ಲ.

ಅವರು ಇದನ್ನು ಹಗುರವಾಗಿಯೇ ತೆಗೆದುಕೊಂಡಂತೆ ಕಾಣುತ್ತಿತ್ತು. ಆಟದ ಮಧ್ಯೆ ಯಾರಾದರೂ ಜೆರಾಕ್ಸ್ ಕೇಳಿ ಬಂದರೆ ಮೇಷ್ಟ್ರು ಏಳುತ್ತಿದ್ದರು, ನಾವೆಲ್ಲ ಸಾಯುತ್ತಿದ್ದೆವು.

"ಗುರು, ಮೇಷ್ಟ್ರು ಎದ್ರು! ಓಡ್ರೋ!" ಎಂದು ಯಾರೋ ಕೂಗುತ್ತಿದ್ದರು.

"ಸಾಯ್ರಿ ಒಮ್ಮೆ, ಏನಾತು? ಬಂದು ಎಬ್ಬಸ್ತೀನಿ," ಎನ್ನುತ್ತ ಮೇಷ್ಟ್ರು ಜೆರಾಕ್ಸ್ ಮಿಷನ್ನಿನ ಮುಚ್ಚಳ ಎತ್ತುತ್ತಿದ್ದರು.

ಶಾಲೆಯಲ್ಲೂ ಅವರದು ಅದೇ ಕಥೆ. ವಿಜ್ಞಾನಕ್ಕೆಂದು ಸೇರಿಸಿಕೊಂಡವರನ್ನು ಪಿ.ಟಿ.ಗೂ ಕಳಿಸಿದರು, ಗಣಿತದವರು ಬಿಟ್ಟುಹೋದಾಗ ಗಣಿತಕ್ಕೂ ಹಾಕಿದರು. "ಸೈನ್ಸ್ ಪೋಸ್ಟ್ ಪರ್ಮನೆಂಟ್ ಆಗೂ ಹೊತ್ತಿಗೆ, ನೀವು ಪಿ.ಟಿ. ಮೇಷ್ಟ್ರು ಅಲ್ಲೇನ್ರಿ ಅಂದ್ರು ತಮ್ಮಾ. ಪಿ.ಟಿ. ಪೋಸ್ಟ್ ಬಂತು, ನೀವು ಬಿ.ಎಸ್ಸಿ. ಅಲ್ಲೇನ್ರಿ ಅಂದ್ರು," ಎಂದು ಒಮ್ಮೆ ಮೆಟ್ಟಿಲ ಮೇಲೆ ಕೂತು ನಕ್ಕಿದ್ದರು. ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವ ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಆದರೆ ಆ ನಗು ನನ್ನ ಕಿವಿಯಲ್ಲಿದೆ, ಅದನ್ನು ನಾನು ಕಲ್ಪಿಸಿಕೊಂಡಿರಲಾರೆ ಎನಿಸುತ್ತದೆ...

ಆ ವರ್ಷ ನಾವು ಒಂದು ದೊಡ್ಡ ಗವಿಯ ಬೆನ್ನು ಹತ್ತಿದ್ದೆವು. ಅದರ ಕೊನೆಯ ರಾಕ್ಷಸನಿಂದ ಅಪರೂಪಕ್ಕೊಮ್ಮೆ ಒಂದು ಚರ್ಮದ ಎದೆಗವಚ ಬೀಳುತ್ತಿತ್ತು. ಚಿರತೆಗೆ ಅದಕ್ಕಿಂತ ಒಳ್ಳೆಯದು ಆಟದಲ್ಲೇ ಇರಲಿಲ್ಲ. ಗವಿ ಶುರುವಾಗುವ ಮೊದಲೇ ಮೇಷ್ಟ್ರು ಲೀಡರ್ ಹತ್ತಿರ ಕೇಳಿಕೊಂಡರು. ಅವರು ಏನನ್ನಾದರೂ ಕೇಳಿದ್ದು ಅದೊಂದೇ ಸಲ.

"ಲೀಡರ್ ಸಾಹೇಬ್ರ, ಈ ಗವಿ ಮುಗಿಯೂತನಾ ಹೀಲಿಂಗ್ ನಾನ ಮಾಡ್ತೀನಿ, ತಪ್ಪಸಂಗಿಲ್ಲ. ಆದ್ರ ಆ ಕವಚ ಬಿತ್ತಂದ್ರ ನನಗ ಕೊಡ್ರಿ. ಮುಂದ ಚಿರತೆ ಆಗ್ತೀನಿ."

ಲೀಡರ್ "ಆಯ್ತು ಮೇಷ್ಟ್ರೇ" ಎಂದ. ಅಥವಾ "ನೋಡೋಣ ಮೇಷ್ಟ್ರೇ" ಎಂದನೋ. ಅವನನ್ನೇ ಕೇಳಿದರೆ ಅಂಥ ಮಾತೇ ಆಗಲಿಲ್ಲ ಎನ್ನುತ್ತಾನೆ. ಮೇಷ್ಟ್ರು ಮಾತ್ರ ಕೊಟ್ಟ ಮಾತು ಎಂದೇ ತಿಳಿದಿದ್ದರು. ತಿಂಗಳುಗಟ್ಟಲೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಮಫ್ಲರ್ ಸುತ್ತಿಕೊಂಡು ಕೂತಿದ್ದರು.

ಕೊನೆಗೂ ಆ ರಾಕ್ಷಸ ಬಿದ್ದ ಬೆಳಿಗ್ಗೆ ಮಗಳ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಲು ಒಬ್ಬ ಹೆಂಗಸು ಕೌಂಟರಿಗೆ ಬಂದಿದ್ದರು. ಮೊದಲ ಬಾರಿಗೆ ಮೇಷ್ಟ್ರು ಏಳಲಿಲ್ಲ.

"ಐದು ನಿಮಿಷ ತಡೀರಿ ಅಕ್ಕಾರ. ಈಗ ನಾ ಎದ್ರ ಇವ್ರೆಲ್ಲಾ ಸಾಯ್ತಾರ."

ಆಕೆ ನಮ್ಮನ್ನೆಲ್ಲ ಒಮ್ಮೆ ನೋಡಿ ಬಾಗಿಲ ಕಡೆ ಎರಡು ಹೆಜ್ಜೆ ಹಿಂದೆ ಸರಿದರು. ನಾವು ನಗಲಿಲ್ಲ, ನಗುವಷ್ಟು ಉಸಿರಿರಲಿಲ್ಲ. ರಾಕ್ಷಸ ಸತ್ತ. ಕಿರುಚಿದೆವು. ಆ ಚರ್ಮದ ಎದೆಗವಚ ಬಿದ್ದಿತ್ತು. ಮೇಷ್ಟ್ರು ಕೈ ಜೋಡಿಸಿ ಮಾನಿಟರಿಗೆ ನಮಸ್ಕಾರ ಮಾಡಿದರು.

ಲೀಡರ್ ಅದನ್ನು ಚೂರಿ ಹಿಡಿದು ಹೊಡೆಯುವ ಒಬ್ಬ ಹುಡುಗನಿಗೆ ಕೊಟ್ಟ. ಆ ಹುಡುಗ ಗಿಲ್ಡಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅವನೂ ತೊಡುವುದು ಚರ್ಮದ ಕವಚವನ್ನೇ.

"ಸಾಹೇಬ್ರ, ಅದು ನನಗ ಅಂದಿದ್ರಿ," ಎಂದರು ಮೇಷ್ಟ್ರು.

"ಮೇಷ್ಟ್ರೇ, ರೂಲ್ ಎಲ್ರಿಗೂ ಒಂದೇ ಅಲ್ವಾ? ಅವನು ಹೊಡೆಯೋನು, ನೀವು ಹೀಲರ್. ನಿಮ್ಮ ಹತ್ರ ಇದು ವೇಸ್ಟ್ ಆಗುತ್ತೆ."

"ನಾ ಹೀಲರ್ ಅಂತ ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ರೇಡ್‌ಗೆ ಏನ್ ಬೇಕೋ ಅದೇ ಅಲ್ವಾ ಮೇಷ್ಟ್ರೇ?"

ಹೊಸ ಹುಡುಗ "ಬೇಕಾದ್ರೆ ಅವ್ರಿಗೇ ಕೊಡಿ ಗುರು" ಎಂದನೆಂದು ಒಂದು ನೆನಪು. ಅವನು ಆಗಲೇ ಕವಚ ತೊಟ್ಟು ತೆರೆಯ ಮೇಲೆ ಕುಣಿಯುತ್ತಿದ್ದ ಎಂದು ಇನ್ನೊಂದು. ಯಾವುದು ನಿಜವೋ... ಮೇಷ್ಟ್ರು ಎದ್ದು ಹೋಗಿ ಹಾಲ್ ಟಿಕೆಟ್ ಪ್ರಿಂಟ್ ತೆಗೆದುಕೊಟ್ಟು, "ತಡ ಆತು ಅಕ್ಕಾರ, ಕ್ಷಮಾ ಮಾಡ್ರಿ" ಎಂದರು.

ಮುಂದಿನ ಭಾನುವಾರಗಳಲ್ಲೂ ಅವರೇ ಬಾಗಿಲು ತೆಗೆದರು, ಊದುಬತ್ತಿ ಹಚ್ಚಿದರು, ಚಿಲ್ಲರೆ ಕೊಟ್ಟರು. ಆಟಕ್ಕೆ ಮಾತ್ರ ಕೂರಲಿಲ್ಲ. ಕರೆದರೆ, "ಇವತ್ತು ಕೌಂಟರ್ ಕೆಲಸ ಐತಿ ತಮ್ಮಾ" ಎನ್ನುತ್ತಿದ್ದರು. ಹೀಲರ್ ಇಲ್ಲದೆ ನಾವು ಗವಿಯ ಬಾಯಲ್ಲೇ ಸಾಯತೊಡಗಿದೆವು. ಬೇಸಿಗೆಯ ಹೊತ್ತಿಗೆ ಗಿಲ್ಡ್ ಉಳಿದಿರಲಿಲ್ಲ.

ಆ ಬೇಸಿಗೆಯಲ್ಲೇ ಶಾಲೆ ಮೇಷ್ಟ್ರನ್ನು ಕೆಲಸದಿಂದ ತೆಗೆಯಿತು, ಅವರು ಕೋಣೆ ಖಾಲಿ ಮಾಡಿದರು. ಹೊರಡುವ ದಿನ ನಾನು ಇರಲಿಲ್ಲ. ಬಹಳ ಕಾಲದ ನಂತರ ಆ ರಸ್ತೆಯಲ್ಲಿ ಓನರ್ ಅಂಕಲ್ ಸಿಕ್ಕರು. ಕೆಫೆ ಇದ್ದಲ್ಲಿ ಮೊಬೈಲ್ ಅಂಗಡಿ ಬಂದಿತ್ತು.

"ನಮ್ ಮೇಷ್ಟ್ರು ಹೋಗ್ಬಿಟ್ರಂತೆ ಕಣಪ್ಪಾ. ಕಾಮಾಲೆಯಂತೆ. ಊರಲ್ಲೇ. ಪಾಪ, ಏನ್ ಕೆಲ್ಸ ಹೇಳಿದ್ರೂ ಮಾಡೋರು."

ಆ ಕೊನೆಯ ಮಾತು ಹೊಗಳಿಕೆಯೇ ಇರಬೇಕು. ಮೇಷ್ಟ್ರ ಊರಿಗೆ ನಾನು ಹೋಗಲಿಲ್ಲ, ಅವರ ಮನೆಯವರು ಯಾರೆಂದೂ ನನಗೆ ಗೊತ್ತಿಲ್ಲ. ಒಬ್ಬ ಮನುಷ್ಯನೊಡನೆ ಅಷ್ಟು ಭಾನುವಾರ ಒಂದೇ ಕೋಣೆಯಲ್ಲಿ ಕಳೆದು ಇಷ್ಟೇ ತಿಳಿದಿರುವುದು ಸಾಧ್ಯವೆಂದು ಮೊದಲು ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ರಿಪೇರಿ ಅಂಗಡಿಯಿಂದ ಬಂದ ಮೇಲೆ ಲೀಡರ್‌ಗೆ ಫೋನ್ ಮಾಡಿದೆ. "ಅವ್ರೇ ಬೇಡ ಅಂದಿದ್ರು ಮಗಾ, ನಿಂಗೆ ಮರ್ತೋಗಿದೆ," ಎಂದ. ಚೂರಿಯ ಹುಡುಗನಿಗೆ ಕವಚ ಬಿದ್ದದ್ದೇ ನೆನಪಿಲ್ಲ. ಮಾತುಗಳನ್ನು ಇನ್ನು ಯಾರೂ ಖಚಿತಪಡಿಸಲಾರರು. ಆದರೆ ಆ ಆಟದ ಜಾಲತಾಣದಲ್ಲಿ ಹಳೆಯ ಪಾತ್ರಗಳ ಪುಟಗಳನ್ನು ಅಳಿಸಿಲ್ಲ. ಯಾರೇ ಆಡುವುದನ್ನು ನಿಲ್ಲಿಸಲಿ, ಕೊನೆಯ ಸಲ ಏನು ತೊಟ್ಟಿದ್ದರೋ ಅದರಲ್ಲೇ ಅವರ ಪಾತ್ರ ನಿಂತಿರುತ್ತದೆ. ಮೇಷ್ಟ್ರು ತಮ್ಮ ಪಾತ್ರಕ್ಕೆ ಊರ ಕೆರೆಯ ಹೆಸರಿಟ್ಟಿದ್ದರು. ಹುಡುಕಿದೆ, ಸಿಕ್ಕಿತು.

ಹೀಲರ್‌ನ ಒಂದು ಸಾಮಾನೂ ಅದರ ಮೈಮೇಲಿರಲಿಲ್ಲ. ತಲೆಯಿಂದ ಕಾಲಿನವರೆಗೆ ಚಿರತೆಗೆಂದು ಕೂಡಿಸಿದ ಅಗ್ಗದ ಚರ್ಮ, ಆಟದ ಸಂತೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದದ್ದು, ರೇಡ್‌ಗೆ ಸಾಲದ್ದು. ನಮ್ಮೊಡನೆ ಆಡುವುದನ್ನು ಬಿಟ್ಟ ಮೇಲೆ ಯಾವಾಗಲೋ ಅವರೊಬ್ಬರೇ ಕೂತು ತೊಡಿಸಿರಬೇಕು. ಎದೆಯ ಜಾಗ ಮಾತ್ರ ಖಾಲಿ. ಚಿತ್ರ ಸರಿಯಾಗಿ ತೆರೆದಿಲ್ಲವೇನೋ ಎಂದು ನನ್ನ ಹಳೆಯ ಪಾತ್ರದ ಪುಟ ನೋಡಿದೆ. ಅಲ್ಲಿ ಎಲ್ಲವೂ ತೊಟ್ಟಂತೆಯೇ ಇತ್ತು. ಮರುದಿನ ಕಚೇರಿಯ ಕಂಪ್ಯೂಟರಿನಲ್ಲಿ ಅವರ ಪುಟವನ್ನು ಮತ್ತೆ ತೆರೆದೆ. ಎದೆಯ ಜಾಗದಲ್ಲಿ ಏನೂ ಇರಲಿಲ್ಲ.