ನೀರುಗಂಟಿಯವರ ಹೊಂಡ

ಹೋದ ವಾರ ಹಾಸನದ ಗ್ರಂಥಿಗೆ ಅಂಗಡಿಯಲ್ಲಿ ಅರಿಸಿನದ ಕೊಂಬು ಕೇಳುತ್ತಾ ನಿಂತಿದ್ದೆ. ಅಂಗಡಿಯವನು ಲಾವಂಚದ ಬೇರಿನ ಕಂತೆಯೊಂದನ್ನು ಬಿಚ್ಚಿದ. ಆ ತಂಪು ವಾಸನೆ ಎಲ್ಲರಿಗೂ ಹಿತ. ನಾನು ಮಾತ್ರ ಏನೂ ಕೊಳ್ಳದೆ ಹೊರಬಂದೆ.

ಅದು ನಮ್ಮ ಪಕ್ಕದ ಮನೆಯ ನೀರುಗಂಟಿಯವರ ವಾಸನೆ. ಗೊರೂರಿನ ಕಾಲುವೆಯಿಂದ ಗದ್ದೆಗಳಿಗೆ ನೀರು ಹಂಚುವ ಕೆಲಸ ಮಾಡಿ, ನಿವೃತ್ತರಾದ ಮೇಲೆ ಹೊಳೆನರಸೀಪುರದಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ನಮ್ಮ ಬೀದಿ ಇಳಿಜಾರು. ಮೇಲಿನ ಸೈಟು ನಮ್ಮದು, ಕೆಳಗಿನದು ಅವರದು. ಅವರ ಹೆಂಡತಿಗೆ ಲಕ್ವ ಹೊಡೆದು ಮಾತು ಹೋಗಿತ್ತು, ಹಾಸಿಗೆ ಹಿಡಿದಿದ್ದರು.

ನಾವು ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸಿದ ದಿನವೇ ಜಗಳ ಶುರುವಾಯಿತು. ಅವರು ಕಾಂಪೌಂಡಿನಾಚೆ ನಿಂತು, ನೀರು ಇಂಗಲು ಒಂದು ಚೂರು ಮಣ್ಣನ್ನೂ ಬಿಡಲಿಲ್ಲವಲ್ಲ ಎಂದರು. ಕಲ್ಲು ಚಪ್ಪಡಿ ಹಾಸಿ ಸಂದಿಗೆ ಮರಳು ತುಂಬಬಹುದಿತ್ತಂತೆ. ನಮ್ಮ ಅಂಗಳ, ನಮ್ಮಿಷ್ಟ ಎಂದೆ. ಅಂದಿನಿಂದ ಅವರು ನನ್ನನ್ನು ‘ಮೇಡಂ’ ಎಂದು ಕರೆಯುವುದರಲ್ಲೇ ಒಂದು ಬೈಗುಳವಿರುತ್ತಿತ್ತು...

ಮೊದಲ ಮಳೆಗೆ ನಮ್ಮ ನೀರೆಲ್ಲ ಅವರ ಬಾಗಿಲಿಗೆ ಹೋಯಿತು. ಮಾರನೆಯ ದಿನ ಅವರು ಹಾರೆ ಹಿಡಿದು, ಎರಡು ಮನೆಗಳ ನಡುವೆ ರಸ್ತೆಯಂಚಿನಲ್ಲಿ ಮೊಣಕಾಲಾಳದ ಹೊಂಡ ತೋಡಿದರು. ತಳಕ್ಕೆ ಜಲ್ಲಿ, ಮೇಲೆ ಮರಳುಮಣ್ಣು, ಅದರಲ್ಲಿ ಲಾವಂಚ, ಕೆಸು. ಎಂಥ ಮಳೆ ಬಂದರೂ ನೀರು ಅಲ್ಲಿಗಿಳಿದು, ಮರುದಿನದೊಳಗೆ ಇಂಗಿಹೋಗುತ್ತಿತ್ತು. ನಾನು ದಿನವೂ ನೋಡುತ್ತಿದ್ದೆ. ಆದರೂ ಬೀದಿಯ ಸೊಳ್ಳೆಯೆಲ್ಲ ಆ ಹೊಂಡದ್ದೇ ಎಂದು ಮನೆಮನೆಗೆ ಹೇಳಿಕೊಂಡು ಬಂದೆ. ಸುಳ್ಳೆಂದು ನನಗೆ ಗೊತ್ತಿತ್ತು.

ಎರಡು ವರ್ಷದ ಮೇಲೆ ಕಾರು ಕೊಂಡೆವು. ನಿಲ್ಲಿಸಲು ಜಾಗ ಬೇಕಿತ್ತು. ನೀರುಗಂಟಿಯವರು ಹೆಂಡತಿಯನ್ನು ಹಾಸನಕ್ಕೆ ಡಾಕ್ಟರ ಹತ್ತಿರ ಕರೆದೊಯ್ದ ದಿನ, ಒಂದು ಟ್ರ್ಯಾಕ್ಟರ್ ಕಲ್ಲುಮಣ್ಣು ತರಿಸಿ ಹೊಂಡ ಮುಚ್ಚಿಸಿದೆ. ಮೇಲೆ ಕಾಂಕ್ರೀಟು. ಕಿತ್ತೆಸೆದ ಲಾವಂಚದ ಬುಡಗಳು ಅವರ ಗೇಟಿನ ಮುಂದೆ ಬಿದ್ದಿದ್ದವು. ಬೀದಿಗೆಲ್ಲ ಅದರ ವಾಸನೆ.

ಸಂಜೆ ಆಟೋ ಇಳಿದವರು ಬಹಳ ಹೊತ್ತು ನೋಡಿದರು. ಕೂಗಾಡುತ್ತಾರೆಂದು ನಾನೂ ಮಾತು ಜೋಡಿಸಿಕೊಂಡೇ ನಿಂತಿದ್ದೆ.

“ಮುಚ್ಚುಸ್ಬುಟ್ರಿ. ಆಯ್ತು. ಆ ನೀರು ಇನ್ನೆಲ್ಲಿಗೆ ಓಯ್ತದೆ ಅಂದ್ಕಂಡ್ರಿ ಮೇಡಂ?” ಎಂದರು. ಅಷ್ಟೇ.

ನಾನು ಬಾಗಿಲು ಹಾಕಿಕೊಂಡೆ.

ಹದಿನೈದು ದಿನವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಎರಡು ಗಂಟೆ ಕಾಲ ಎಡೆಬಿಡದೆ ಮಳೆ ಹೊಯ್ಯಿತು. ನೀರುಗಂಟಿಯವರ ಕೂಗು ಕೇಳಿ ಅವರ ಮನೆಗೆ ಓಡಿದೆ. ಮಂಚದ ಪಟ್ಟಿಯವರೆಗೆ ಕೆಂಪು ನೀರು ನಿಂತಿತ್ತು. ಹಾಸಿಗೆಯ ಮೇಲೆ ಆಕೆ... ಕಣ್ಣು ಮಾತ್ರ ಆಡುತ್ತಿತ್ತು, ಅದು ನನ್ನ ಮೇಲೇ ಇತ್ತು. ತಲೆಯ ಕಡೆ ಅವರು, ಕಾಲಿನ ಕಡೆ ನಾನು ಹಿಡಿದು ನಮ್ಮ ಜಗಲಿಗೆ ತಂದು ಮಲಗಿಸಿದೆವು. ನಾನು ಕೊಟ್ಟ ಟವೆಲನ್ನು ಅವರು ಮುಟ್ಟಲಿಲ್ಲ. ತಮ್ಮ ಪಂಚೆಯ ಚುಂಗನ್ನೇ ಹಿಂಡಿ ಆಕೆಯ ಮುಖ ಒರೆಸಿದರು. ಮಳೆ ನಿಲ್ಲುವ ಮೊದಲೇ ಆಟೋ ಕರೆಸಿ, ಹಳ್ಳಿಮೈಸೂರಿನ ಮಗಳ ಮನೆಗೆ ಹೊರಟುಹೋದರು. ಮತ್ತೆ ಬರಲಿಲ್ಲ. ಮನೆ ಮಾರಿದರು.

ಮುಂದಿನ ಬೇಸಿಗೆಯಲ್ಲಿ ನಾನು ಕಾಂಕ್ರೀಟು ಒಡೆಸಿ, ಅವರು ಹೇಳಿದ್ದಂತೆಯೇ ಚಪ್ಪಡಿ ಹಾಸಿಸಿ ಸಂದಿಗೆ ಮರಳು ತುಂಬಿಸಿದೆ. ಹೊಂಡವನ್ನೂ ತೋಡಿಸಿದೆ. ಬಸ್ಸು ಹತ್ತಿ ಹಳ್ಳಿಮೈಸೂರಿಗೆ ಹೋದೆ. ಅವರು ಜಗಲಿಯಲ್ಲಿ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ಕ್ಷಮೆ ಕೇಳಬೇಕೆಂದು ಹೋದವಳು, ಚಪ್ಪಡಿಯ ವಿಷಯವನ್ನಷ್ಟೇ ಹೇಳಿದೆ. ಅವರು ತಲೆ ಎತ್ತಲಿಲ್ಲ.

“ನನ್ಗ್ಯಾಕ್ ಏಳ್ತೀರಿ? ಅವ್ಳು ಓಗಿ ಆರ್ ತಿಂಗ್ಳಾಯ್ತು.”

ಕೂತುಕೊಳ್ಳಿ ಎನ್ನಲಿಲ್ಲ. ನಿಂತಲ್ಲಿಂದಲೇ ವಾಪಸು ಬಂದೆ. ಮುಂದೆ ನೀರುಗಂಟಿಯವರು ತೀರಿಕೊಂಡದ್ದೂ ತಿಥಿ ಕಳೆದ ಮೇಲೆ ಯಾರದೋ ಬಾಯಲ್ಲಿ ತಿಳಿಯಿತು...

ಈಗ ಆ ಮನೆಯಲ್ಲಿರುವವರು ಒಳ್ಳೆಯ ಜನ. ಮೊನ್ನೆ ಜೋರು ಮಳೆ ಬಂದು ನಿಂತ ಮೇಲೆ ಆ ಮನೆಯಾಕೆ ಹೊರಗೆ ಬಂದು, ನಿಮ್ಮ ಅಂಗಳದಿಂದ ಒಂದು ಹನಿಯೂ ನಮ್ಮ ಕಡೆ ಬರಲಿಲ್ಲ, ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದರು.

ಗಾರೆ ಕೆಲಸದವನು ಎಂದೆ.

ನನ್ನನ್ನು ಬಿಟ್ಟರೆ ನಿಜ ಗೊತ್ತಿದ್ದ ಇಬ್ಬರೂ ಈಗಿಲ್ಲ.