ಸಕ್ಕುಬಾಯಿ ಮತ್ತು ಹಿರೇಮದ್ದಿನ ಬೇರು

ಬಹಳ ವರ್ಷ ಹರಕೆ ಹೊತ್ತ ಮೇಲೆ ಹುಟ್ಟಿದ ಕೂಸನ್ನು ಸಕ್ಕುಬಾಯಿಯ ಮಗ್ಗುಲಿಂದಲೇ ತೋಳ ಒಯ್ದಿತು. ಕಂದಲಗಾಂವದ ಹೊಲವೊಂದರಲ್ಲಿ ಕುರಿ ತರುಬಿ ಬೀಡು ಬಿಟ್ಟಿದ್ದರು. ಗಂಡ ಅಮೋಗಸಿದ್ಧ ಹಿಂಡನ್ನು ನೀರಿಗೆ ಹೊಡೆದುಕೊಂಡು ಹೋಗಿದ್ದ. ಮಧ್ಯಾಹ್ನದ ಬಿಸಿಲು, ಬೇವಿನ ನೆರಳಲ್ಲಿ ಕೂಸಿಗೆ ಮೊಲೆ ಕೊಡುತ್ತ ಅವಳಿಗೆ ಕಣ್ಣು ಹತ್ತಿತು. ಎಚ್ಚರಾದಾಗ ಕಂಬಳಿ ಮಾತ್ರ ಇತ್ತು.

ಅಂದಿನಿಂದ ಅವಳು ಮಲಗಲೊಲ್ಲಳು. ರೆಪ್ಪೆ ಕೂಡಿದರೆ ಸಾಕು, ಎದೆ ಡವಡವ ಹೊಡೆದುಕೊಂಡು ಎದ್ದು ಕೂರುವಳು. ಕುರಿಮರಿಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುವಳು. ಮೈ ಬತ್ತಿ ಕಟ್ಟಿಗೆಯಾಯಿತು. ಅಮೋಗಸಿದ್ಧ ನಾಗಣಸೂರಿಗೆ ಹೋಗಿ, ನಾಟಿ ಔಷಧ ಕೊಡುವ ಬಸಯ್ಯನವರನ್ನು ಕೇಳಿದ. ಅವರು ಹಾಳುಗೋಡೆಯ ಬದಿಗೆ ಬೆಳೆದಿದ್ದ, ಅಶ್ವಗಂಧವೆಂದೂ ಕರೆಯುವ, ಕೆಂಪು ಹಣ್ಣಿನ ಹಿರೇಮದ್ದಿನ ಗಿಡ ತೋರಿಸಿದರು.

"ಇದರ ಬೇರು ಒಣಗಿಸಿ, ಕುಟ್ಟಿ, ಹಾಲಾಗ ಕುದಿಸಿ ಕೊಡು. ಜೀವಕ್ಕ ಸಮಾಧಾನ ಆಗತೈತಿ, ನಿದ್ದಿ ಬರತೈತಿ."

ಗಂಡ ಕುದಿಸಿ ತಂದ ಹಾಲಿನ ಬಟ್ಟಲನ್ನು ಸಕ್ಕುಬಾಯಿ ಸರಿಸಿದಳು. "ನಿದ್ದಿ ಮಾಡೇ ಕೂಸಿನ್ನ ಕಳಕೊಂಡೀನಿ. ಮತ್ತ ನಿದ್ದಿ ಕೊಡಾಕ ಬಂದೀರೇನು?"

ಅವನು ಬೆಲ್ಲ ಬೆರೆಸಿ, ಔಷಧವೆಂದು ಹೇಳದೆ ಕುಡಿಸತೊಡಗಿದ. ಒಂದು ದಿನ ಅವಳು ಹೊತ್ತೇರುವವರೆಗೂ ಮಲಗಿಬಿಟ್ಟಳು. ಎದ್ದು ಬಟ್ಟಲು ತೊಳೆಯುವಾಗ ತಳದಲ್ಲಿ ಬೇರಿನ ಕುದುರೆ ವಾಸನೆ ಮೂಗಿಗೆ ಬಡಿಯಿತು. ಬೈಯಲಿಲ್ಲ. ಆದರೆ ಗಂಡನ ಕೈಯಿಂದ ಮತ್ತೆಂದೂ ಹಾಲು ಕುಡಿಯಲಿಲ್ಲ. ಇಬ್ಬರ ನಡುವೆ ಉಳಿದದ್ದು ಕುರಿಯ ಮಾತು ಮಾತ್ರ.

ಕೆಲವು ವರ್ಷ ಹೀಗೇ ಕಳೆದವು. ಸೊಲ್ಲಾಪುರದಲ್ಲಿ ಬ್ರಿಟಿಷರ ಮಾರ್ಷಲ್ ಲಾ ಬಂದು ಬೀದಿಗಳಲ್ಲಿ ಸೈನ್ಯ ನಿಂತ ಬೇಸಿಗೆಯಲ್ಲಿ ಅಮೋಗಸಿದ್ಧನಿಗೆ ಜ್ವರ ಹಿಡಿಯಿತು. ಅವನನ್ನು ಪಟ್ಟಣದ ಡಾಕ್ಟರರ ಬಳಿ ಒಯ್ಯಲು ಯಾರಿಗೂ ಧೈರ್ಯವಾಗಲಿಲ್ಲ. ಕೆಮ್ಮಿ ಕೆಮ್ಮಿ ಅವನಿಗೆ ನಿದ್ದೆಯೇ ಇಲ್ಲ. ಆಗ ಸಕ್ಕುಬಾಯಿ ತಾನೇ ಗುದ್ದಲಿ ಹಿಡಿದು ಹೋಗಿ ಹಿರೇಮದ್ದಿನ ಬೇರು ಅಗೆದು ತಂದು, ಒಣಗಿಸಿ, ಹಾಲಲ್ಲಿ ಕುದಿಸಿ ಬಟ್ಟಲನ್ನು ಅವನ ಮುಂದೆ ಹಿಡಿದಳು.

"ಇದರಾಗ ಏನ್ ಹಾಕೀನಿ, ಗೊತ್ತೈತಿಲ್ಲ?"

"ಗೊತ್ತೈತಿ," ಎಂದ ಅವನು. "ಅವತ್ತ ನಾನೂ ನಿನಗ ಹೇಳೇ ಕೊಡಬೇಕಿತ್ತು."

"ಹೇಳಿದ್ರ ನಾ ಕುಡೀತಿರಲಿಲ್ಲ. ಕುಡೀರಿ. ನಾ ಎಚ್ಚರ ಇರತೀನಿ."

ಅವನು ಮಲಗಿದಾಗಲೆಲ್ಲ ಅವಳು ಅವನ ಎದೆಯ ಮೇಲೆ ಕೈಯಿಟ್ಟು ಕುಳಿತಳು. ಒಂದು ಸಂಜೆ, ಹಿಂಡು ತಿರುಗಿ ಬರುವ ಹೊತ್ತಿಗೆ, ಆ ಕೈಯ ಕೆಳಗೇ ಉಸಿರು ನಿಂತಿತು. ಅವಳು ಎಚ್ಚರವಾಗಿಯೇ ಇದ್ದಳು, ಏನೂ ಮಾಡಲಾಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಾದಿನಿ ಸುಗಲಾಬಾಯಿ ಅಂಬಲಿ ತಂದಳು. ಸಕ್ಕುಬಾಯಿ ಮರಿಗಳ ನಡುವೆ ಬರಿನೆಲದಲ್ಲಿ ಮಲಗಿ ಗಾಢ ನಿದ್ದೆಯಲ್ಲಿದ್ದಳು. ಸುಗಲಾಬಾಯಿ ಅಂಬಲಿ ಮುಚ್ಚಿಟ್ಟು, ಹಿಂಡಿನ ನಾಯಿ ಬೊಗಳಿ ಅವಳನ್ನು ಎಬ್ಬಿಸದಂತೆ ಅದರ ಕೊರಳು ಹಿಡಿದು ಅಲ್ಲೇ ಕುಳಿತಳು.