ಬಾಂದುಗಲ್ಲು ಸರಿಸಿದವಳು

ಭೂಮಾಪನದ ಕೆಲಸದಲ್ಲಿ ಅದು ನನ್ನ ಇಪ್ಪತ್ತೆಂಟನೆಯ ವರ್ಷ. ಯಾದಗಿರಿ, ಶಹಾಪುರ ಎಲ್ಲ ಸುತ್ತಿ ಸುರಪುರ ತಾಲ್ಲೂಕಿಗೆ ಸರ್ವೇಯರ್ ಆಗಿ ಬಂದು ಎರಡು ವರ್ಷವಾಗಿತ್ತು. ಶಿವರಾತ್ರಿ ಮುಗಿದು, ತೊಗರಿ ರಾಶಿಯೂ ಆಗಿ, ಹೊಲಗಳು ಖಾಲಿ ಬಿದ್ದಿದ್ದವು. ನಮಗೆ ಕೈತುಂಬ ಕೆಲಸ ಇರುವುದು ಆಗಲೇ. ಬೆಳೆ ನಿಂತ ಹೊಲದಲ್ಲಿ ಚೈನು ಎಳೆಯಲು ಹೋದರೆ ರೈತ ಸುಮ್ಮನೆ ಬಿಡುವುದಿಲ್ಲ. ಈ ಪ್ರಕರಣ ನಡೆದ ಊರು ಕೆಂಭಾವಿಯ ಕಡೆಗಿದೆ. ಹೆಸರು ಹೇಳುವುದಿಲ್ಲ. ಯಾಕೆ ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ಕೆಲಸದ ಹೆಸರು ಹದ್ದುಬಸ್ತು. ಹಳೆಯ ನಕ್ಷೆ ಹಿಡಿದು ಹೊಲದ ಗಡಿಯನ್ನು ಮತ್ತೆ ಅಳೆದು, ಮೂಲೆಗಳಲ್ಲಿ ಕಲ್ಲು ನೆಟ್ಟುಕೊಡುವುದು. ಆ ಕಲ್ಲಿಗೆ ಬಾಂದುಗಲ್ಲು ಎನ್ನುತ್ತಾರೆ. ಮೂವತ್ತಮೂರು ಅಡಿಯ ಚೈನು ಎಳೆದು ಮೂಲೆ ಗೊತ್ತು ಮಾಡಿ, ಕುಣಿ ತೋಡಿ, ಕುಣಿಯ ತಳದಲ್ಲಿ ಒಂದು ಕಟ್ಟಿಗೆಯ ಗೂಟ ಬಡಿದು, ಅದರ ಮೇಲೆ ಕಲ್ಲು ನಿಲ್ಲಿಸುವುದು ನನ್ನ ಪದ್ಧತಿ. ಕಲ್ಲು ಬಿದ್ದುಹೋದರೂ ಕೆಳಗಿನ ಗೂಟ ಸರಿಯಾದ ಜಾಗ ತೋರಿಸುತ್ತದೆ. ಕೆಲವರು ಗೂಟದ ಬದಲು ಇದ್ದಿಲು, ಇಟ್ಟಿಗೆ ಚೂರು ಹಾಕುತ್ತಾರೆ. ನನ್ನ ಜೊತೆ ಚೈನು ಹಿಡಿಯುತ್ತಿದ್ದ ಬಾಂದು ಜವಾನ ಭೀಮರಾಯನಿಗೆ ಮಾತ್ರ ಗೂಟವೇ ಆಗಬೇಕು. ನನ್ನಷ್ಟೇ ಸರ್ವಿಸ್ ಆದ ಮನುಷ್ಯ. ಸಾಮಿಲ್ಲಿನಿಂದ ಮಾವಿನ ಕಟ್ಟಿಗೆಯ ತುಂಡುಗಳನ್ನು ತಂದು, ಚೂಪಾಗಿ ಕೆತ್ತಿ, ಚೀಲದಲ್ಲಿ ಯಾವಾಗಲೂ ಹತ್ತು ಇಟ್ಟುಕೊಂಡಿರುತ್ತಿದ್ದ.

ಜಮೀನು ಹುಸೇನಬಿಯದು. ಅರವತ್ತು ದಾಟಿದ ಹೆಂಗಸು, ತೂಕವೆಂದರೆ ನಲವತ್ತು ಕೆಜಿ ಇದ್ದಾಳು. ಗಂಡ ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು, ತೀರಿಕೊಂಡು ಬಹಳ ವರ್ಷವಾಗಿತ್ತು. ಎಂಟು ಎಕರೆಯಲ್ಲಿ ಐದು ಎಕರೆ ಉಳುವ ಭೂಮಿ. ಉಳಿದ ಮೂರು ಎಕರೆ ಬಂಡೆಗುಡ್ಡದ ಬುಡಕ್ಕೆ ಅಂಟಿಕೊಂಡ ಮರಗಾಡು. ಬೇವು, ಬಾರೆ, ಈಚಲು, ಅವುಗಳ ನಡುವೆ ತಾವಾಗಿ ಬೆಳೆದ ಸೀತಾಫಲ. ಆಕೆಯ ಮಾಳಿಗೆ ಮನೆ ಅದರ ಅಂಚಿನಲ್ಲೇ ಇತ್ತು. ನಾನು ಹೋದಾಗಲೆಲ್ಲ ಅಂಗಳದಲ್ಲಿ ನವಿಲುಗಳು ಕೋಳಿಗಳ ಜೊತೆಗೇ ಮೇಯುತ್ತಿದ್ದವು. ಬಾಗಿಲ ಬಳಿ ಒಂದು ತಗಡಿನ ಡಬ್ಬದ ತುಂಬ ಮುಳ್ಳುಹಂದಿಯ ಮುಳ್ಳು. ಮರ ಕಡಿದು ಹೊಲ ಮಾಡಬಾರದೇ ಎಂದು ಒಮ್ಮೆ ಕೇಳಿದ್ದೆ. "ಎಲ್ಲಾ ನಾನೇ ತಿಂದ್ರ ಹೆಂಗ್ರಿ ಸಾಹೇಬ್ರ?" ಎಂದಿದ್ದಳು. ಮಾತಿಗೆ ಹೇಳಿದ್ದಾಳೆ ಎಂದುಕೊಂಡು ಚಹಾ ಕುಡಿದು ಎದ್ದಿದ್ದೆ.

ಕೆಳಗಿನ ಹೊಲ ಶರಣಪ್ಪನದು. ಹತ್ತಿ, ತೊಗರಿ ಬೆಳೆಯುವ ದುಡಿಮೆಗಾರ, ಸಿಟ್ಟು ಮೂಗಿನ ತುದಿಯಲ್ಲೇ. ಹಿಂದಿನ ವರ್ಷ ಇಬ್ಬರ ನಡುವಿನ ಗಡಿಯನ್ನು ಅಳೆದು ಮರಗಾಡಿನ ಮೂಲೆಯಲ್ಲಿ ಕಲ್ಲು ನೆಟ್ಟವನು ನಾನೇ. ಮಳೆಗಾಲ ಮುಗಿಯುವಷ್ಟರಲ್ಲಿ ಕಲ್ಲು ಕಿತ್ತು ಆರು ಅಡಿ ಕೆಳಗೆ, ಶರಣಪ್ಪನ ಹೊಲದೊಳಗೆ ಬಿದ್ದಿತ್ತು. ದಸರೆಯ ಹೊತ್ತಿಗೆ ಹೋಗಿ ಮತ್ತೆ ನೆಟ್ಟು ಬಂದೆ. ಯುಗಾದಿಗೆ ಮುಂಚೆಯೇ ಮತ್ತೆ ಅರ್ಜಿ ಬಂತು. ಕಲ್ಲು ಈ ಸಲ ಎಂಟು ಅಡಿ ಸರಿದಿತ್ತು, ಅದೂ ಶರಣಪ್ಪನ ಕಡೆಗೇ. ಎರಡೂ ಸಲ ಲಾಭ ಹುಸೇನಬಿಗೆ. ಬಾಂದುಗಲ್ಲು ಕೀಳುವುದು ಶಿಕ್ಷೆಯಾಗುವ ಅಪರಾಧ. ಶಿಕ್ಷೆಗಿಂತ ದೊಡ್ಡದು ಹೆಸರು. ಬಾಂದು ಕಿತ್ತವರು ಎಂದು ಒಮ್ಮೆ ಅನ್ನಿಸಿಕೊಂಡರೆ ಆ ಮನೆಯವರ ಮಾತನ್ನು ಊರು ನಂಬುವುದಿಲ್ಲ.

ಮೂರನೆಯ ಅಳತೆಯ ದಿನ ಬಿಸಿಲು ಬೆಂಕಿಯಂತಿತ್ತು. ಅಳೆದು ಮೂಲೆ ಹಿಡಿದೆವು. ಭೀಮರಾಯ ಅಗೆದಾಗ ದಸರೆಯಲ್ಲಿ ಬಡಿದ ಗೂಟ ಸಿಕ್ಕಿತು. ಒಳಗೆಲ್ಲ ಪೊಳ್ಳು, ಬಿಳಿ ಗೆದ್ದಲು ಗಿಜಿಗುಡುತ್ತಿತ್ತು. ಅವನು ಅದನ್ನು ಆಚೆ ಎಸೆದು ಚೀಲದಿಂದ ಹೊಸ ಗೂಟ ತೆಗೆದು ಬಡಿದ. ನಾನು ನೋಡುತ್ತ ನಿಂತಿದ್ದೆ. ಏನೂ ಹೊಳೆಯಲಿಲ್ಲ. ಗಡಿ ಅಳೆಯುವವನು ಗೆದ್ದಲನ್ನು ಯಾಕೆ ನೋಡುತ್ತಾನೆ!

ಕಲ್ಲು ನಿಲ್ಲಿಸಿ ಮಣ್ಣು ತುಳಿಯುವಾಗ ಶರಣಪ್ಪನ ತಾಳ್ಮೆ ಮುಗಿಯಿತು. "ಸಾಹೇಬ್ರ, ನೀವು ನೆಡೂದು, ಇವ್ರು ಕೀಳೂದು, ಇದು ಮುಗಿಯೂದಲ್ಲ. ಹಂದಿ ಕಾಟಕ್ಕಂತ ತಂದ ತಂತಿ ಮನ್ಯಾಗ ಅದ. ಇವತ್ತ ಈ ಕಲ್ಲಿನ ಸುತ್ತ ಹಾಸಿ ಕರೆಂಟ್ ಬಿಡ್ತೀನಿ. ಕಳ್ಳ ಯಾರಂತ ಮುಂಜಾನಿ ಗೊತ್ತಾಗತದ."

ಹಾಗೆ ಕರೆಂಟ್ ಬಿಡುವುದು ಜೈಲಿಗೆ ಹೋಗುವ ಕೆಲಸ ಎಂದು ಗದರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಬೇವಿನ ಕೆಳಗೆ ಕೂತಿದ್ದ ಹುಸೇನಬಿ ಎದ್ದು ಬಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನ ಎದುರಿಗೆ ನಿಂತಳು.

"ತಂತಿ ಗಿಂತಿ ಬ್ಯಾಡ್ರಿ. ಕಲ್ಲು ಸರಿಸಿದಾಕಿ ನಾನೇ. ಬರ್ಕೋರಿ ನಿಮ್ಮ ಕಾಗದದಾಗ."

ಶರಣಪ್ಪನೂ ಒಂದು ಕ್ಷಣ ದಂಗಾದ. ಆಮೇಲೆ, "ಕೇಳಿದ್ರಲ್ಲ? ಬರೀರಿ ಮತ್ತ. ನಾಳೆ ಇಬ್ಬರು ಪಂಚರನ್ನ ಕರ್ಕೊಂಡು ಬರ್ತೀನಿ, ಸಹಿ ಮಾಡಿಸ್ರಿ" ಎಂದು ಟವೆಲು ಕೊಡವಿ ಹೊರಟುಹೋದ.

ನನ್ನ ಕಣ್ಣು ಆ ಕಲ್ಲಿನ ಮೇಲೇ ಇತ್ತು. ಎರಡೂವರೆ ಅಡಿ ಉದ್ದದ ಗ್ರಾನೈಟ್, ಅರವತ್ತು ಕೆಜಿಗೆ ಕಡಿಮೆಯಿಲ್ಲ. ಅದನ್ನು ಕುಣಿಯೊಳಗೆ ಇಳಿಸಲು ನಾನು ಮತ್ತು ಭೀಮರಾಯ ಹಾರೆ ಹಾಕಿ ಏದುಸಿರು ಬಿಟ್ಟಿದ್ದೆವು. "ಅಮ್ಮಾ, ಒಂದು ಬೆರಳಷ್ಟು ಅಲುಗಾಡಿಸಿ ತೋರಿಸ್ರಿ, ಬರೀತೀನಿ" ಎಂದೆ. ಆಕೆ ಎರಡು ಕೈಯಿಂದ ತಬ್ಬಿ ನೂಕಿದಳು. ಬಳೆ ಸದ್ದು ಮಾಡಿದವು, ಕಲ್ಲು ಅಲುಗಲಿಲ್ಲ. ಮತ್ತೆ ನೂಕಿದಳು. ನೋಡಲಾಗದೆ ನಾನೇ ತಡೆದೆ.

"ಯಾರನ್ನ ಉಳಿಸಾಕ ಹೊಂಟೀರಿ?"

ಆಕೆ ಗುಡ್ಡದ ಕಡೆ ನೋಡಿದಳು. "ನಾಳೆ ಬೆಳಗಾಗೂಕಿಂತ ಮೊದಲು ಬರ್ರಿ. ಸದ್ದು ಮಾಡಬ್ಯಾಡ್ರಿ. ಮಾಳಗಿ ಮ್ಯಾಲೆ ಕೂಡೂಣು. ಕಾಣೂದು ಬಿಡೂದು ನಿಮ್ಮ ನಸೀಬ" ಎಂದಳು.

ಕೆಂಭಾವಿಯಲ್ಲಿ ಭೀಮರಾಯನ ತಂಗಿಯ ಮನೆಯಲ್ಲಿ ಉಳಿದು, ಮೂಡಣ ಬೆಳ್ಳಗಾಗುವ ಹೊತ್ತಿಗೆ ಇಬ್ಬರೂ ಆಕೆಯ ಮಾಳಿಗೆ ಏರಿದ್ದೆವು. ಕಲ್ಲು ಅಲ್ಲಿಂದ ನೂರಡಿ ದೂರ. ಮೊದಲು ಒಂದು ನರಿ ದಾಟಿಹೋಯಿತು. ನವಿಲು ಕೂಗಿ ಸುಮ್ಮನಾದವು. ನಂತರ ಬಂಡೆಗಳ ನಡುವಿನ ಕತ್ತಲೇ ಎದ್ದು ನಡೆದು ಬಂದಂತಾಯಿತು. ಕರಡಿ!

ಬೆನ್ನ ಮೇಲೆ ಎರಡು ಮರಿಗಳು, ಉದ್ದ ಕೂದಲನ್ನು ಹಿಡಿದು ಅಂಟಿಕೊಂಡು ಕೂತಿದ್ದವು. ತಾಯಿ ಅವಸರವಿಲ್ಲದೆ ತೂಗಾಡುತ್ತ ಇಳಿದು ನೇರ ನಮ್ಮ ಬಾಂದುಗಲ್ಲಿಗೆ ಬಂತು. ಮೂಗು ನೆಲಕ್ಕೆ ಹಚ್ಚಿ ಸುತ್ತು ಬಂತು. ಹಿಂದಿನ ದಿನ ನಾವು ಬೆವರು ಸುರಿಸಿ ನಿಲ್ಲಿಸಿದ ಕಲ್ಲನ್ನು ಎರಡೂ ಮುಂಗಾಲಿನಿಂದ ಅಪ್ಪಿ ಎಳೆಯಿತು. ಒಂದು ಎಳೆತಕ್ಕೆ ಓಲಿತು, ಎರಡನೆಯದಕ್ಕೆ ಬುಡಸಮೇತ ಬಂತು. ಇಳಿಜಾರು ಶರಣಪ್ಪನ ಕಡೆಗಿತ್ತು, ಕಲ್ಲು ಆ ಕಡೆಗೇ ಉರುಳಿತು. ಕರಡಿ ಕುಣಿಯೊಳಗೆ ಉಗುರು ಹಾಕಿ ಮಣ್ಣು ತೋಡಿ, ಊದಿ ಧೂಳು ಹಾರಿಸಿ, ಮೂತಿ ಇಟ್ಟು ಹೀರತೊಡಗಿತು. ಬಸಿಯಲ್ಲಿ ಚಹಾ ಸುರಿದು ಸೊರ್ರನೆ ಕುಡಿಯುವ ಸದ್ದು, ಆದರೆ ನೂರಡಿ ದೂರಕ್ಕೆ ಕೇಳುವಷ್ಟು ಜೋರು. ಮರಿಗಳು ಕೆಳಗಿಳಿದು ಅಮ್ಮನ ಮೂತಿಯ ಪಕ್ಕದಲ್ಲೇ ತಮ್ಮ ಮೂತಿಯನ್ನೂ ತೂರಿಸಿದವು. ಒಂದು ಮರಿ ಮಗುಚಿ ಬಿದ್ದ ಸರ್ಕಾರಿ ಕಲ್ಲಿನ ಮೇಲೆ ಹತ್ತಿ ಕೂತಿತು.

ನನಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಭಯಕ್ಕಿಂತ ದೊಡ್ಡದೇನೋ ಎದೆಯಲ್ಲಿ ತುಂಬಿಕೊಂಡಿತ್ತು. ಇಪ್ಪತ್ತೆಂಟು ವರ್ಷ ಈ ನೆಲವನ್ನು ಅಡಿ ಅಡಿ ಅಳೆದವನು ನಾನು. ಇದರ ಮೇಲೆ ಯಾರು ಯಾರು ಬದುಕುತ್ತಾರೆ ಎಂಬುದನ್ನು ನೋಡಿದ್ದು ಅವತ್ತೇ. ಭೀಮರಾಯ ಕೈ ಜೋಡಿಸಿಬಿಟ್ಟಿದ್ದ.

"ಬಾಳಂತಿ ಅದಾಳ್ರಿ," ಹುಸೇನಬಿ ನನ್ನ ಕಿವಿಯ ಬಳಿ ಪಿಸುಗುಟ್ಟಿದಳು. "ತಂತಿ ಹಾಸಿದ್ರ ಮೂರೂ ಜೀವ ಹೋಗ್ತಿದ್ದುವು. ನನಗ ಕಳ್ಳಿ ಅಂದ್ರ ಅಂದುಕೊಳ್ಳಲಿ ಬಿಡ್ರಿ."

ಬೆಳಕು ಬಂಡೆಗೆ ತಾಕಿದಾಗ ಕರಡಿ ಮರಿಗಳನ್ನು ಬೆನ್ನಿಗೇರಿಸಿಕೊಂಡು ಬಂದ ದಾರಿಯಲ್ಲೇ ಹೋಯಿತು. ಹುಸೇನಬಿ ಕೆಳಗಿಳಿದು, ಗಂಡ ಕಲಾಯಿ ಹಾಕಿದ ಹಳೆಯ ಹಿತ್ತಾಳೆ ತಟ್ಟೆಯನ್ನು ಸೌಟಿನಿಂದ ಮೂರು ಸಲ ಬಡಿದಳು. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾದು, ಆಮೇಲೆ ನಮ್ಮನ್ನು ಮರಗಾಡಿಗೆ ಬಿಟ್ಟಳು. ಮನುಷ್ಯರು ಬರುತ್ತಿದ್ದಾರೆ, ದಾರಿ ಬಿಡಿ ಎಂದು ಗುಡ್ಡದ ಪ್ರಾಣಿಗಳಿಗೆ ಹೇಳುವ ಆಕೆಯ ದಿನದ ರೂಢಿ ಅದು. ಮರಗಾಡಿನ ನಡುವೆ ಒಂದು ಕಾಲುದಾರಿ ಇದೆ. ದಾರಿಯ ಕೆಳಗಿನ ಹಣ್ಣು ಆಕೆಯದು, ಮೇಲಿನದು ಗುಡ್ಡದವರದು. ಬಿಸಿಲು ಬಂಡೆ ಬಿಟ್ಟ ಮೇಲೆ ಆಕೆ ಆ ಕಡೆ ಕಾಲಿಡುವುದಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಎದುರುಬದುರಾಗಿಲ್ಲವಂತೆ. ಅಲ್ಲಿ ನಾನು ನೆಟ್ಟ ಗಡಿ ಒಂದು ವರ್ಷವೂ ನಿಂತಿರಲಿಲ್ಲ.

ಕುಣಿಯ ಬಳಿ ಬಗ್ಗಿ ನೋಡಿದೆ. ಮಣ್ಣೊಳಗಿನ ಗೆದ್ದಲಿನ ಗೂಡು ನಮ್ಮ ಗೂಟದ ಸುತ್ತಲೇ ಹಬ್ಬಿತ್ತು. ಹಿಂದಿನ ದಿನ ಎಸೆದ ಪೊಳ್ಳು ಗೂಟ ಪಕ್ಕದಲ್ಲೇ ಬಿದ್ದಿತ್ತು. ಆಗ ಹೊಳೆಯಿತು. ಗೆದ್ದಲಿಗೆ ಮಾವಿನ ಕಟ್ಟಿಗೆಯ ಊಟ ಹಾಕಿದವನು ನಾನು. ಗೆದ್ದಲನ್ನು ಹುಡುಕಿ ಕರಡಿ ಬಂತು. ಕಲ್ಲು ಬಿದ್ದಾಗಲೆಲ್ಲ ಹೊಸ ಗೂಟ ಬಡಿದು ಮತ್ತೆ ಊಟಕ್ಕೆ ಕರೆದೆ. ಕಳ್ಳತನದ ಹೆಸರು ಮಾತ್ರ ಹುಸೇನಬಿಯ ತಲೆಗೆ.

ಎಂಟು ಗಂಟೆಗೆ ಶರಣಪ್ಪ ಇಬ್ಬರು ಪಂಚರ ಜೊತೆ ಬಂದ. ತಂತಿಯ ಸುರುಳಿಯೂ ಹೆಗಲ ಮೇಲಿತ್ತು. ಬಿದ್ದ ಕಲ್ಲು ನೋಡಿ ಕೂಗಾಡತೊಡಗಿದ. "ನಿನ್ನೆ ಒಪ್ಕೊಂಡು ಇವತ್ತ ಮತ್ತ ಕಿತ್ಯಾಳ! ಏನ್ ಧೈರ್ಯರೀ ಈಕೀದು!"

"ಆಕಿ ಕಿತ್ತಿಲ್ಲ ಶರಣಪ್ಪಾ," ಎಂದೆ. "ನಸುಕಿನಿಂದ ನಾನು ಆಕಿ ಮಾಳಗಿ ಮ್ಯಾಲೇ ಇದ್ದೆ. ತಪ್ಪು ನಂದು." ಪೊಳ್ಳು ಗೂಟವನ್ನು ಎತ್ತಿ ಪಂಚರ ಕೈಗೆ ಕೊಟ್ಟೆ. ಕಟ್ಟಿಗೆ ಹೂತು ಗೆದ್ದಲು ತರಿಸಿದೆ, ಮಣ್ಣು ಸಡಿಲಾಯಿತು, ಕಲ್ಲು ನಿಲ್ಲಲಿಲ್ಲ ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೇಳದೆ ಉಳಿಸಿಕೊಂಡದ್ದು ಕರಡಿಯ ಮಾತನ್ನು; ಅದರ ಹೆಸರೆತ್ತಿದ್ದರೆ ಊರೇ ತಂತಿ ಹಿಡಿದು ಗುಡ್ಡ ಏರುತ್ತಿತ್ತು. ಪಂಚನಾಮೆಯಲ್ಲೂ ಅಷ್ಟನ್ನೇ ಬರೆದೆ. ನನ್ನ ಸರ್ವಿಸಿನಲ್ಲಿ ನಾನು ಪೂರ್ತಿ ಬರೆಯದೆ ಬಿಟ್ಟ ಕಾಗದ ಅದೊಂದೇ.

ಪಂಚರು ಒಪ್ಪಿದರು. ಶರಣಪ್ಪ ಒಪ್ಪಲಿಲ್ಲ. ಸಡಿಲಾದ ಕಲ್ಲು ಎಂಟು ಅಡಿ ಹೇಗೆ ಹೋಗುತ್ತದೆ ಎಂದು ಕೇಳುತ್ತಲೇ ಕಲ್ಲಿನ ಬಳಿ ಕುಕ್ಕರುಗಾಲಲ್ಲಿ ಕೂತ. ಅದರ ಒರಟು ಅಂಚಿನಲ್ಲಿ ಏನೋ ಸಿಕ್ಕಿಕೊಂಡಿತ್ತು, ಬಿಡಿಸಿಕೊಂಡ. ಗೇಣುದ್ದದ ಕಪ್ಪು ಕೂದಲು. ಬೆರಳುಗಳ ನಡುವೆ ಹೊಸೆದು ನೋಡಿದ. ಗುಡ್ಡ ನೋಡಿದ. ಹುಸೇನಬಿಯ ಮುಖ ನೋಡಿದ. ಪಂಚರು ಕಾಗದದ ಮೇಲೆ ಬಗ್ಗಿದ್ದರು, ಅವರು ಏನನ್ನೂ ಗಮನಿಸಲಿಲ್ಲ.

ಅವನು ಕೂದಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಎದ್ದು ಬಂದು ಸಹಿ ಮಾಡಿದ. ಪಂಚರು ಹೋದ ಮೇಲೆ ಆಕೆಯ ಹತ್ತಿರ ಹೋದ. "ಬೀ ಅಕ್ಕಾ, ನನಗೊಂದು ಮಾತು ಹೇಳಬಾರ್ದಿತ್ತೇನು?"

"ಹೆಂಗ ಹೇಳಲಿ? ನಿನ್ನ ಮನ್ಯಾಗ ತಂತಿ ಇತ್ತಪ್ಪಾ."

ಶರಣಪ್ಪ ಸುರುಳಿಯನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದುಕೊಂಡು, ತಲೆ ತಗ್ಗಿಸಿ ಹೋದ.

ಅವತ್ತೇ ಕುಣಿಯಲ್ಲಿ ಗೂಟವಿಲ್ಲದೆ, ಇದ್ದಿಲು ಮತ್ತು ಇಟ್ಟಿಗೆ ಚೂರು ಹಾಕಿ ಕಲ್ಲು ನಿಲ್ಲಿಸಿದೆವು. ಒಂಬತ್ತು ಅಡಿ ದೂರದ ಹಾಸುಬಂಡೆಯ ಮೇಲೆ ಉಳಿಯಿಂದ ಕೂಡುಚಿಹ್ನೆ ಕೆತ್ತಿ, ಅಲ್ಲಿಂದ ಕಲ್ಲಿಗಿರುವ ಅಂತರವನ್ನು ನಕ್ಷೆಯಲ್ಲಿ ಬರೆದೆ. ಬಂಡೆಯನ್ನು ಯಾವ ಬಾಳಂತಿಯೂ ಕೀಳಲಾರಳು. ಆಮೇಲೆ ಆರು ವರ್ಷ ಸೇವೆಯಲ್ಲಿದ್ದೆ, ಆ ಮೂಲೆಯಿಂದ ಅರ್ಜಿ ಬರಲಿಲ್ಲ. ನಾನು ಮಾತ್ರ ಬದಲಾದೆ. ಕಲ್ಲು ಸರಿದಿದೆ ಎಂದು ಯಾರೇ ಬಂದರೂ, ಯಾರ ಮೇಲೆ ಅನುಮಾನ ಎಂದು ಕೇಳುವುದನ್ನು ಬಿಟ್ಟೆ. ಮೊದಲು ಅಗೆಸಿ, ಕೆಳಗೆ ನಾವೇ ಏನು ಹೂತಿದ್ದೇವೆ ಎಂದು ನೋಡುತ್ತಿದ್ದೆ. ನೌಕರಿ ನನಗೆ ಕಲಿಸಿದ್ದರಲ್ಲಿ ಇದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ.

ನಿವೃತ್ತನಾದ ಮೇಲೆ ಹೋದ ವರ್ಷ ಸೀತಾಫಲದ ಕಾಲದಲ್ಲಿ ಆ ಕಡೆ ಹೋಗಿದ್ದೆ. ಹುಸೇನಬಿ ಹಣ್ಣಾಗಿದ್ದಾಳೆ, ನಡಿಗೆ ನಿಧಾನ. ಬೆಳಗಿನ ಹೊತ್ತು ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಆಕೆಯ ಹಿತ್ತಾಳೆ ತಟ್ಟೆ ಗೋಡೆಯ ಮೊಳೆಗೇ ತೂಗುತ್ತಿತ್ತು. ಅಷ್ಟರಲ್ಲಿ ಕೆಳಗಿನ ಹೊಲದಿಂದ ತಟ್ಟೆ ಬಡಿದ ಸದ್ದು ಬಂತು. ಮೂರು ಸಲ. ಆಮೇಲೆ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಎದ್ದು ನೋಡಿದೆ. ಶರಣಪ್ಪ ಬಾಂದುಗಲ್ಲಿನಿಂದ ದೂರದಲ್ಲಿ, ತನ್ನದೇ ಹೊಲದಲ್ಲಿ, ತಟ್ಟೆ ಹಿಡಿದು ಕಾಯುತ್ತ ನಿಂತಿದ್ದ.